ಭಟ್ಟಿಯ ಹಿಂಬಾಗಿಲು

ಹೆಬ್ಬೆರಳಿನಷ್ಟು ಎತ್ತರದ ಒಂದು ಬಾಗಿಲಿಗಾಗಿ ಅಣ್ಣ ನನ್ನ ಕೆನ್ನೆಗೆ ಹೊಡೆದ. ಅವನು ಅರವತ್ತರ ಹತ್ತಿರ ಬಂದವನು, ನಾನು ಐವತ್ತು ದಾಟಿದವಳು. ಏಟಿಗೆ ನನ್ನ ಕನ್ನಡಕ ಹಾರಿ ಹರಿಹರದ ಸೇತುವೆಯ ಕೆಳಗೆ ಬಿತ್ತು. ಸೇತುವೆ ಎಂದರೆ ನಾನೇ ಫೋಮ್ ಶೀಟಿನಲ್ಲಿ ಕೊರೆದು ನಿಲ್ಲಿಸಿದ್ದ ಸೇತುವೆ. ಹೊಳೆ ಎಂದರೆ ಕೆಂಪು ಮಿಶ್ರಿತ ಹಸಿರು ಬಳಿದ ಪ್ಲೈವುಡ್ಡು. ಕನ್ನಡಕಕ್ಕೆಂದು ಬಗ್ಗಿದವಳು ಸೇತುವೆಯ ಒಂದು ಕಂಬವನ್ನೇ ಕಿತ್ತು ಅವನ ಮುಖಕ್ಕೆ ಬೀಸಿ ಒಗೆದೆ. ಹುಬ್ಬಿನ ಮೇಲೆ ತಾಗಿ ರಕ್ತ ಬಂತು. ಫೋಮ್ ಕಂಬ ತಾಗಿದರೆ ರಕ್ತ ಬರುತ್ತದೆಯೇ ಎಂದು ಕೇಳಬೇಡಿ, ಕಂಬ ನೆಟ್ಟಗೆ ನಿಲ್ಲಲಿ ಎಂದು ಒಳಗೆ ಮೊಳೆ ಇಟ್ಟಿದ್ದೆ.

ನಮ್ಮ ಮನೆತನವೇ ಹಾಗೆ. ಬಾಯಿಗಿಂತ ಮೊದಲು ಕೈ ಬರುತ್ತದೆ. ಅಪ್ಪನಿಂದ ಬಂದ ಆಸ್ತಿಯಲ್ಲಿ ಜಗಳವಿಲ್ಲದೆ ಸಮಪಾಲಾದದ್ದು ಅದೊಂದೇ.

ಅಣ್ಣನ ಮನೆ ಪಿ.ಜೆ. ಬಡಾವಣೆಯಲ್ಲಿದೆ. ಬಟ್ಟೆ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ಅತ್ತಿಗೆ ತೀರಿಹೋದ ಮೇಲೆ ಮಹಡಿಯ ಹಾಲಿನಲ್ಲಿ ಒಬ್ಬನೇ ಶತಪಥ ಹಾಕುತ್ತಿದ್ದ. ಮಗ ಯಾವುದೋ ಊರಿಂದ ಮೊಮ್ಮಗನಿಗೆಂದು ಆಟದ ರೈಲು ತಂದ. ನಿಜದ ರೈಲನ್ನು ಅಳತೆ ಕೆಡದಂತೆ ಅಂಗೈಗೆ ಇಳಿಸಿದಂಥ, ಹಳಿಯಲ್ಲಿ ಕರೆಂಟು ಹರಿದು ಓಡುವ ರೈಲು. ಮೊಮ್ಮಗ ಅದನ್ನು ಸ್ವಲ್ಪ ಹೊತ್ತು ಓಡಿಸಿ ಮೊಬೈಲಿಗೆ ಮರಳಿದ. ತಾತ ಹಿಡಿದುಕೊಂಡವನು ಬಿಡಲಿಲ್ಲ. ತಿಂಗಳು ಕಳೆಯುವುದರೊಳಗೆ ಹಾಲಿನ ಮೂರು ಗೋಡೆಗುಂಟ ಮೇಜು ಹಾಕಿಸಿ, ದಾವಣಗೆರೆಯಿಂದ ಹರಿಹರದವರೆಗಿನ ದಾರಿಯನ್ನು ಅದರ ಮೇಲೆ ಹಾಸುತ್ತೇನೆ ಎಂದು ಘೋಷಿಸಿದ. ದೇಶದಲ್ಲಿ ಇಷ್ಟು ರೈಲುದಾರಿ ಇರುವಾಗ ಈ ಒಂದು ಚೂರೇ ಯಾಕೆ ಎಂದು ಕೇಳಿದವರಿಗೆಲ್ಲ, ಹತ್ತಿರ ಐತಲ್ಲ, ಹೋಗಿ ನೋಡಿಕೊಂಡು ಬರಬಹುದು ಎನ್ನುತ್ತಿದ್ದ. ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದೆ ಎನ್ನುವುದು ಅವನಿಗೂ ಗೊತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಹಳಿ, ವೈರು, ಕರೆಂಟು ಅವನ ಪಾಲಿಗೆ. ನೆಲ, ಗಿಡ, ಮನೆ, ಮಠ, ಹೊಳೆ ನನ್ನ ಪಾಲಿಗೆ ಎಂದು ಮಾತಾಯಿತು. ಶಾಲೆ ಬಿಟ್ಟ ಮೇಲೆ ಸರಸ್ವತಿ ನಗರದ ನಮ್ಮ ಮನೆಗೆ ಹೋಗುವ ಬದಲು ಸ್ಕೂಟಿಯನ್ನು ಅಣ್ಣನ ಮನೆಗೆ ತಿರುಗಿಸುವುದು ರೂಢಿಯಾಯಿತು. ನನ್ನ ಗಂಡ ನನ್ನ ಸಿಟ್ಟಿಗೆ ಹೆದರಿ ಟಿ.ವಿ. ಮುಂದೆ ಕಾಲ ಕಳೆಯುವ ಸಾಧು ಪ್ರಾಣಿ, ಸಂಜೆಗಳು ತಣ್ಣಗಿವೆ ಎಂದು ಒಳಗೊಳಗೇ ಖುಷಿಪಟ್ಟಿರಬೇಕು.

ಮೊದಲ ಯುದ್ಧ ಸುರಂಗಕ್ಕಾಗಿ ನಡೆಯಿತು. ಒಂದು ಮಧ್ಯಾಹ್ನ ಹೋಗಿ ನೋಡುತ್ತೇನೆ, ಮೇಜಿನ ಮೂಲೆಯಲ್ಲಿ ಥರ್ಮಾಕೋಲಿನ ಗುಡ್ಡ ಎದ್ದಿದೆ, ಗುಡ್ಡಕ್ಕೊಂದು ತೂತು, ತೂತಿನಿಂದ ಇಂಜಿನ್ನು ಮೂತಿ ಹಾಕಿದೆ. ವಿಡಿಯೋಗಳಲ್ಲಿ ವಿದೇಶದವರೆಲ್ಲ ಸುರಂಗ ಮಾಡುತ್ತಾರಂತೆ, ಸುರಂಗವಿಲ್ಲದ ರೈಲು ಬಾಲವಿಲ್ಲದ ದನದ ಹಾಗೆ ಕಾಣುತ್ತದಂತೆ. ದಾವಣಗೆರೆಯಿಂದ ಹರಿಹರದವರೆಗೆ ಒಂದು ದಿಬ್ಬವನ್ನಾದರೂ ತೋರಿಸು ಎಂದೆ. ಎಲ್ಲಾ ಗದ್ದೆ, ನಾಲೆ, ಕರಿ ಮಣ್ಣು. ಕಣ್ಣು ಹಾಯಿಸಿದಷ್ಟೂ ರೊಟ್ಟಿಯ ಹಾಗೆ ಚಪ್ಪಟೆ. ನನಗೆ ಬೇಕು, ಇರಲಿ ಎಂದ. ನಾನು ಅಡುಗೆಮನೆಗೆ ಹೋಗಿ ತೆಂಗಿನಕಾಯಿ ಒಡೆಯುವ ಕತ್ತಿ ತಂದು ಗುಡ್ಡವನ್ನು ಕಡಿದೆ. ಅವನು ನನ್ನ ರಟ್ಟೆ ಹಿಡಿದು ಎಳೆದ, ನಾನು ಎಡಗೈಯಲ್ಲಿ ಕಡಿದೆ. ಬಿಳಿ ಗುಳಿಗೆಗಳು ಹಾಲಿನ ತುಂಬಾ ಹಾರಿ, ಅವನ ಸೊಸೆ ಮೆಟ್ಟಿಲ ಬಳಿ ಟೀ ಹಿಡಿದುಕೊಂಡು ನಿಂತಲ್ಲೇ ನಿಂತಳು. ಬೇರೆ ಮನೆಯಿಂದ ಬಂದ ಹುಡುಗಿ, ನಮ್ಮ ಜಗಳವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಗುಡ್ಡ ನೆಲಸಮವಾದ ಮೇಲೆ ಅಣ್ಣ ಮೇಜಿಗೆ ಕೈಯೂರಿ ನಿಂತು ಹೇಳಿದ:

"ಆಯ್ತು. ಇನ್ಮ್ಯಾಲೆ ಏನು ಇತ್ತೋ ಅದು ಅಷ್ಟೇ. ಇರ್ಲಾರದ್ದು ಒಂದೂ ಬ್ಯಾಡ. ಇದ್ದದ್ದು ಒಂದೂ ಬಿಡಂಗಿಲ್ಲ."

ಸೋತವನ ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಅದೇ ನಮ್ಮ ಕಾನೂನಾಯಿತು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಇದ್ದದ್ದು ಇದ್ದ ಹಾಗೆ ಮಾಡುವುದು ಸುಲಭವಲ್ಲ. ಹಳಿಯ ಕೆಳಗಿನ ಜಲ್ಲಿಗೆ ಏನು ಹಾಕುವುದೆಂದು ತಲೆ ಕೆಡಿಸಿಕೊಂಡೆವು. ಮರಳು ಬಲು ಸಣ್ಣದು, ಕಲ್ಲಿನ ಚೂರು ಬಲು ದೊಡ್ಡದು. ಕೊನೆಗೆ ನನ್ನ ಕಣ್ಣಿಗೆ ಬಿದ್ದದ್ದು ನವಣೆ. ಈಗ ಸಿರಿಧಾನ್ಯದ ಭಕ್ತಿ ಮನೆಮನೆಗೂ ಹಬ್ಬಿದೆಯಲ್ಲ, ಅಣ್ಣನ ಮನೆಯ ಡಬ್ಬಿಗಳಲ್ಲೂ ಅದು ತುಂಬಿತ್ತು. ಬೂದಿ ಬಣ್ಣ ಹಚ್ಚಿ, ಗೋಂದಿನ ನೀರು ಚಿಮುಕಿಸಿ ಹಳಿಗುಂಟ ಸುರಿದೆವು. ನೋಡಿದರೆ ಥೇಟ್ ಜಲ್ಲಿ. ಮನೆಯಲ್ಲಿ ತಿಂದು ಉಳಿದಿದ್ದ ಮಂಡಕ್ಕಿಯನ್ನು ನಾಲೆಯ ದಂಡೆಗೆ ಬಂಡೆಗಲ್ಲಾಗಿ ಇಟ್ಟೆವು. ದಾವಣಗೆರೆಯವರ ಬುದ್ಧಿ ನೋಡಿ, ಕಲ್ಲು ಬೇಕೆಂದರೂ ಕೈ ಮಂಡಕ್ಕಿ ಚೀಲಕ್ಕೇ ಹೋಗುತ್ತದೆ.

ವಾರದೊಳಗೆ ಇಲಿಗಳು ಬಂದವು. ದಾವಣಗೆರೆ ಸ್ಟೇಷನ್ನಿನಿಂದ ಶುರುಮಾಡಿ ಹಳಿ ಹಳಿಯೇ ಮೇಯುತ್ತಾ ಹೋದವು. ನಾನು ಹತ್ತಿ ಮಿಲ್ಲಿನ ಚಿಮಣಿ ಎಂದು ನಿಲ್ಲಿಸಿದ್ದ ಕೊಳವೆಯನ್ನು ಬಿಲ ಮಾಡಿಕೊಂಡವು. ಅಣ್ಣ ಬೆತ್ತ ಹಿಡಿದ, ನಾನು ಕ್ರಿಕೆಟ್ ಬ್ಯಾಟು ಹಿಡಿದೆ. ಬಾಗಿಲು ಹಾಕಿಕೊಂಡು ಇಬ್ಬರೂ ಆ ಊರಿನ ಮೇಲೆ ಬಿದ್ದೆವು. ಇಲಿ ಗೂಡ್ಸ್ ಶೆಡ್ಡಿಗೆ ನುಗ್ಗಿದರೆ ಶೆಡ್ಡಿನ ಮೇಲೆ ಏಟು, ಪ್ಲಾಟ್‌ಫಾರ್ಮಿಗೆ ಹತ್ತಿದರೆ ಪ್ಲಾಟ್‌ಫಾರ್ಮಿನ ಮೇಲೆ ಏಟು. ಒಂದು ದಪ್ಪ ಇಲಿಯನ್ನು ಅಣ್ಣ ರೈಲ್ವೆ ಗೇಟಿನ ಬಳಿ ಜಜ್ಜಿದಾಗ ಅದು ಕಿರುಚಿದ್ದು ಮನುಷ್ಯರು ಕಿರುಚಿದ ಹಾಗಿತ್ತು. ಸತ್ತ ಮೇಲೂ ಅವನು ಹೊಡೆಯುತ್ತಲೇ ಇದ್ದ. ಬೆತ್ತ ಏರುವ, ಇಳಿಯುವ ರೀತಿ, ಭುಜ ಹಿಂದಕ್ಕೆ ಹೋಗುವ ರೀತಿ ನೋಡಿ ನಾನು ಬ್ಯಾಟು ಕೆಳಗಿಟ್ಟೆ. ಅಪ್ಪ ಹಾಗೆಯೇ ಹೊಡೆಯುತ್ತಿದ್ದ. ನಿಲ್ಸು ಅಣ್ಣ ಎಂದೆ. ಅವನು ನಿಲ್ಲಿಸಿ, ಬೆತ್ತವನ್ನು ಗೋಡೆಗೆ ಎಸೆದು, ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡ.

ಆಮೇಲೆ ನವಣೆಯನ್ನೆಲ್ಲ ಕೆರೆದು ತೆಗೆದು, ಕೋಳಿಗಳಿಗೆ ಹಾಕುವ ಕಪ್ಪೆಚಿಪ್ಪಿನ ನುಚ್ಚು ತಂದು ಜಲ್ಲಿ ಮಾಡಿದೆವು. ಅದು ಇವತ್ತಿಗೂ ಇದೆ.

ಸೇತುವೆಯ ಅಳತೆ ನೋಡಲು ಒಂದು ಭಾನುವಾರ ಹರಿಹರಕ್ಕೆ ಹೋದೆವು. ರೈಲಿನಲ್ಲೇ ಹೋಗಬೇಕೆಂದು ಅವನ ಹಟ. ಕಿಟಕಿ ಪಕ್ಕ ಕೂತು, ಈ ಮರ ಹಾಕಬೇಕು, ಆ ಪಂಪ್‌ಹೌಸ್ ಹಾಕಬೇಕು ಎಂದು ಚಿಕ್ಕ ಹುಡುಗನ ಹಾಗೆ ಕೈ ತೋರಿಸುತ್ತಿದ್ದ. ಹರಿಹರದಲ್ಲಿ ಇಳಿದು ಹೊಳೆದಂಡೆಗೆ ನಡೆದೆವು. ನೀರು ಕಡಿಮೆಯಾಗಿ ಸೇತುವೆಯ ಕಂಬಗಳ ಬುಡದ ಕಲ್ಲುಕಟ್ಟಡ ಕಾಣುತ್ತಿತ್ತು. ಅವನು ಮೊಬೈಲಿನಲ್ಲಿ ಫೋಟೋ ಹೊಡೆಯಲು ಶುರುಮಾಡಿದ, ನಾನು ಕಲ್ಲಿನ ಬಣ್ಣ ನೋಡಿ ಹಾಳೆಯ ಮೇಲೆ ಬಣ್ಣ ಕಲಸತೊಡಗಿದೆ.

ನಮ್ಮಿಂದ ಸ್ವಲ್ಪ ದೂರದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಹತ್ತಿರ ಒಬ್ಬ ಗಂಡಸು ಬಂದ. ಏನು ಮಾತಾಯಿತೋ ಕೇಳಲಿಲ್ಲ. ಅವಳ ಜಡೆ ಹಿಡಿದು, ಒಗೆಯುವ ಬಂಡೆಗೆ ಅವಳ ಮುಖ ಬಡಿದ. ಅವಳು ಕೂಗಲೂ ಇಲ್ಲ. ಎರಡನೇ ಸಲ ಎತ್ತುವಷ್ಟರಲ್ಲಿ ನಾನು ಕಲ್ಲು ಬೀಸಿದ್ದೆ. ಅದು ಅವನ ಮೊಣಕಾಲಿಗೆ ಬಿತ್ತು. ಅವನು ಅವಳನ್ನು ಬಿಟ್ಟು ಬಾಯಿಗೆ ಬಂದದ್ದು ಬಯ್ಯುತ್ತಾ ಕುಂಟಿಕೊಂಡು ನನ್ನತ್ತ ನುಗ್ಗಿದ. ಇನ್ನೊಂದು ಕಲ್ಲು ಎತ್ತಿಕೊಂಡು ನಿಂತೆ. ಅಷ್ಟರಲ್ಲಿ ದಂಡೆಯ ಮೇಲಿದ್ದ ನಾಲ್ಕೈದು ಜನ ಓಡಿ ಬಂದು ಅವನನ್ನು ಕೆಡವಿಕೊಂಡು ತುಳಿದರು. ಆ ಹೆಂಗಸು ಮೂಗಿನಿಂದ ರಕ್ತ ಸೋರುತ್ತಿದ್ದರೂ ಬಟ್ಟೆಯನ್ನೆಲ್ಲ ಬುಟ್ಟಿಗೆ ತುಂಬಿಕೊಂಡು, ಯಾರ ಮುಖವನ್ನೂ ನೋಡದೆ, ಊರ ಕಡೆ ಹೋದಳು.

ತಿರುಗಿ ನೋಡಿದರೆ ಅಣ್ಣ ಸೇತುವೆಯ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದ. ಮೊಬೈಲು ಕೈಯಲ್ಲೇ ಇತ್ತು. ಆ ಬೈಗುಳದ ಸದ್ದು ಕಿವಿಗೆ ಬೀಳದಿರಲು ಅವನೇನು ಕಿವುಡನಲ್ಲ. ನನಗೆ ಮೈ ಉರಿದುಹೋಯಿತು. ಕಣ್ಣೆದುರಿಗೇ ಇಷ್ಟಾದರೂ ಕಂಬದ ಫೋಟೋ ತೆಗೆಯುತ್ತೀಯಲ್ಲ ಎಂದು ಕೇಳಿದೆ.

"ಅವ್ರ ಮನೆ ಜಗ್ಳ ತಂಗಿ. ನಮಗ್ಯಾಕ?"

"ನಮ್ಮದೂ ಮನೆ ಜಗ್ಳಾನೇ ಆಗಿತ್ತಲ್ಲ," ಎಂದೆ.

ಅವನು ಮೊಬೈಲನ್ನು ಜೇಬಿಗೆ ಹಾಕಿ ಸ್ಟೇಷನ್ನಿನ ಕಡೆ ನಡೆದ. ವಾಪಸ್ಸು ಬರುವಾಗ ರೈಲಿನಲ್ಲಿ ಮರವನ್ನೂ ತೋರಿಸಲಿಲ್ಲ, ಪಂಪ್‌ಹೌಸನ್ನೂ ತೋರಿಸಲಿಲ್ಲ. ದಾವಣಗೆರೆ ಸ್ಟೇಷನ್ನಿನ ಹತ್ತಿರ ಬಂದಾಗ, ಭಟ್ಟಿಯನ್ನು ತಾನೇ ಕಟ್ಟುತ್ತೇನೆ, ನಾನು ಅದನ್ನು ಮುಟ್ಟಬಾರದು ಎಂದಷ್ಟೇ ಹೇಳಿದ. ಕಟ್ಟಡಗಳೆಲ್ಲ ನನ್ನ ಪಾಲಿನವು ಎಂದು ನಾನು ಜಗಳ ತೆಗೆಯಲಿಲ್ಲ. ಅವನು ಅದನ್ನು ಹೇಗೆ ಕಟ್ಟುತ್ತಾನೋ ನೋಡಬೇಕಿತ್ತು.

ಭಟ್ಟಿ ಎಂದರೆ ನಮ್ಮ ಅಪ್ಪನ ಮಂಡಕ್ಕಿ ಭಟ್ಟಿ. ಊರಂಚಿನಲ್ಲಿ, ಹಳಿಯ ಪಕ್ಕದಲ್ಲೇ ಇತ್ತು. ಇಟ್ಟಿಗೆಯ ಗೋಡೆ, ಹೊಗೆಗೆ ಕಪ್ಪಾದ ಹೆಂಚು, ಒಳಗೆ ನೆಲ ತೋಡಿ ಮಾಡಿದ ದೊಡ್ಡ ಒಲೆ, ಒಲೆಗೆ ಭತ್ತದ ಹೊಟ್ಟು. ಬಾಣಲೆಯಲ್ಲಿ ಮರಳು ಕೆಂಡದಂತೆ ಕಾಯುತ್ತಿತ್ತು. ಉಪ್ಪು ಹಚ್ಚಿದ ಅಕ್ಕಿಯನ್ನು ಅದಕ್ಕೆ ಸುರಿದರೆ ಕ್ಷಣದಲ್ಲಿ ಅರಳಿ ಮಂಡಕ್ಕಿಯಾಗುತ್ತಿತ್ತು. ನಾವು ಇದ್ದದ್ದೂ ಅದಕ್ಕೇ ಅಂಟಿಕೊಂಡ ಎರಡು ಕೋಣೆಗಳಲ್ಲಿ. ಈಗ ಆ ಜಾಗದಲ್ಲಿ ಅಂಗಡಿ ಸಾಲು ಎದ್ದಿದೆ, ಒಂದು ಇಟ್ಟಿಗೆಯೂ ಉಳಿದಿಲ್ಲ.

ಅಪ್ಪ ದಿನವೂ ಮಿಂದು, ಲಿಂಗಪೂಜೆ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಭಟ್ಟಿಗೆ ಬರುತ್ತಿದ್ದ. ಊರಿನವರಿಗೆ ಅವನು ಶರಣ. ನಮ್ಮ ಅವ್ವನಿಗೆ ಅವನು ಏನೆಂದು ಊರಿಗೆ ಗೊತ್ತಿತ್ತು, ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಕ್ಕಿ ಸೀದರೆ ಏಟು, ಉಪ್ಪು ಹೆಚ್ಚಾದರೆ ಏಟು, ಎರಡೂ ಆಗದಿದ್ದರೆ ಮುಖ ಯಾಕೆ ಹಾಗಿದೆ ಎಂದು ಏಟು. ಹೊಟ್ಟು ಕೆದಕುವ ಕಬ್ಬಿಣದ ಸಲಾಕೆ ಯಾವಾಗಲೂ ಕೈಯಳತೆಯಲ್ಲೇ ಇರುತ್ತಿತ್ತು. ಒಮ್ಮೆ ಅವಳ ಪಕ್ಕೆಲುಬು ಮುರಿದ ಸದ್ದನ್ನು ನಾನು ಕೇಳಿದ್ದೇನೆ, ಒಣ ಕಡ್ಡಿ ಮುರಿದ ಹಾಗೆ. ಮಂತ್ರಕ್ಕಿಂತ ಉಗುಳು ಜಾಸ್ತಿ ಎನ್ನುತ್ತಾರೆ, ನಮ್ಮಪ್ಪನಲ್ಲಿ ವಿಭೂತಿಗಿಂತ ಬೆಂಕಿ ಜಾಸ್ತಿ.

ಆ ಭಟ್ಟಿಗೆ ಒಂದು ಹಿಂಬಾಗಿಲು ಇತ್ತು. ಅದು ಹಳಿಯ ಕಡೆಗೆ ತೆರೆಯುತ್ತಿತ್ತು. ಅಪ್ಪ ಸಲಾಕೆ ಎತ್ತಿದ್ದು ಕಂಡರೆ ನಾನು ಓಡಿ ಅದರ ಚಿಲಕ ತೆಗೆಯಬೇಕು. ಮನೆಯಲ್ಲಿ ನನ್ನ ಕೆಲಸ ಅದು. ಅಕ್ಕಿಯ ಉಪ್ಪಿಗೆ ಅಲ್ಲಿನ ಕಬ್ಬಿಣವೆಲ್ಲ ತುಕ್ಕು ಹಿಡಿಯುತ್ತಿತ್ತು, ಚಿಲಕ ಕಚ್ಚಿಕೊಂಡರೆ ನನ್ನ ಬೆರಳಿಗೆ ಬಗ್ಗುತ್ತಿರಲಿಲ್ಲ. ಅದಕ್ಕೇ ಅಪ್ಪ ಇಲ್ಲದ ಹೊತ್ತಿನಲ್ಲಿ ಶೇಂಗಾ ಎಣ್ಣೆ ತಂದು ಹಚ್ಚಿಡುತ್ತಿದ್ದೆ. ಅವ್ವ ಆ ಬಾಗಿಲಿನಿಂದ ಹೊರಬಿದ್ದು, ಹಳಿಗುಂಟ ಸ್ಟೇಷನ್ನಿಗೆ ನಡೆದು, ಹರಿಹರದ ಪ್ಯಾಸೆಂಜರ್ ಹತ್ತಿ ತನ್ನ ತಂಗಿಯ ಮನೆಗೆ ಹೋಗಿಬಿಡುತ್ತಿದ್ದಳು. ಅಪ್ಪನ ಸಿಟ್ಟು ಇಳಿದ ಮೇಲೆ ಬರುತ್ತಿದ್ದಳು. ನಮ್ಮ ಮೇಜಿನ ಮೇಲೆ ಓಡುವ ದಾರಿ ಅದು. ಅಣ್ಣನೂ ನಾನೂ ಅದನ್ನು ಒಮ್ಮೆಯೂ ಬಾಯಿ ಬಿಟ್ಟು ಹೇಳಿಕೊಂಡಿರಲಿಲ್ಲ.

ಅಣ್ಣನಿಗೆ ಅಪ್ಪ ಒಂದು ಏಟೂ ಹೊಡೆದವನಲ್ಲ. ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವ್ವನನ್ನು ಹೊಡೆಯುತ್ತಿದ್ದ. ಗಂಡಸಾಗಬೇಕಲ್ಲ, ಕಲಿಯಲಿ ಎಂದು.

ಒಂದು ಬೇಸಿಗೆಯಲ್ಲಿ ನಾನು ಹರಿಹರದಲ್ಲಿ ಸಣ್ಣವ್ವನ ಮನೆಯಲ್ಲಿದ್ದೆ. ರಜೆ ಮುಗಿಸಿ ಬಂದು ನೋಡಿದರೆ ಹಿಂಬಾಗಿಲು ಇದ್ದ ಜಾಗದಲ್ಲಿ ಇಟ್ಟಿಗೆ ಗೋಡೆ. ಅವ್ವ ಬಾಳೆ ಎಲೆ ಹಾಸಿಕೊಂಡು ಮಲಗಿದ್ದಳು. ಕುತ್ತಿಗೆಯಿಂದ ಮೊಣಕೈವರೆಗೆ ಚರ್ಮ ಸುಲಿದು ಬಂದಿತ್ತು. ಕಾದ ಮರಳು ಚೆಲ್ಲಿತು ಎಂದರು ಅಕ್ಕಪಕ್ಕದವರು. ಮರಳು ತಾನಾಗಿ ಚೆಲ್ಲಿ ಕುತ್ತಿಗೆಯವರೆಗೆ ಹತ್ತುವುದಿಲ್ಲ ಎಂದು ತಿಳಿಯದಷ್ಟು ನಾನು ಚಿಕ್ಕವಳಾಗಿರಲಿಲ್ಲ. ಗೋಡೆಯನ್ನು ಅಪ್ಪನೇ ಕಟ್ಟಿಸಿದ ಎಂದುಕೊಂಡೆ, ಯಾರ ಕೈಯಲ್ಲಿ ಎಂದು ಕೇಳಲಿಲ್ಲ. ಆಮೇಲೆ ಏಟು ಬೀಳುವಾಗಲೆಲ್ಲ ಅವ್ವ ಓಡುವುದನ್ನು ಬಿಟ್ಟು ಆ ಗೋಡೆಗೇ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಸಾಯುವವರೆಗೆ ಮಣಿಕಟ್ಟು ಮುಟ್ಟುವ ತೋಳಿನ ಕುಪ್ಪಸ ತೊಟ್ಟಳು, ಸುಡುವ ಏಪ್ರಿಲ್‌ನಲ್ಲೂ.

ಅಣ್ಣ ಭಟ್ಟಿಯನ್ನು ಕಟ್ಟಿ ಮುಗಿಸಿದ ದಿನ ನನ್ನನ್ನು ಕರೆದ. ಸುಳ್ಳು ಯಾಕೆ ಹೇಳಲಿ, ನಾನು ಕಟ್ಟಿದ ಯಾವ ಕಟ್ಟಡವೂ ಅದರ ಕಾಲಧೂಳಿಗೆ ಸಮವಿರಲಿಲ್ಲ. ಹೆಂಚಿನ ಮೇಲೆ ಮಸಿ, ಪಕ್ಕದಲ್ಲಿ ಹೊಟ್ಟಿನ ರಾಶಿ, ಅಂಗಳದಲ್ಲಿ ಒಣಹಾಕಿದ ಭತ್ತ. ಮುಂಬಾಗಿಲ ಹೊಸ್ತಿಲು ಎಡಗಡೆ ಸವೆದದ್ದು ಕೂಡ ಸವೆದಂತೆಯೇ ಇತ್ತು. ಹಿಂದಕ್ಕೆ ಬಗ್ಗಿ ಹಳಿಯ ಕಡೆಯಿಂದ ನೋಡಿದೆ. ಬರೀ ಗೋಡೆ.

ಬಾಗಿಲು ಎಲ್ಲಿ ಎಂದೆ. ಯಾವ ಬಾಗಿಲು ಎಂದ. ಇದ್ದದ್ದು ಒಂದೂ ಬಿಡುವ ಹಾಗಿಲ್ಲ ಎಂದು ನೀನೇ ಕಾನೂನು ಮಾಡಿದ್ದೀಯ, ಹಿಂಬಾಗಿಲು ಎಲ್ಲಿ ಎಂದು ಮತ್ತೆ ಕೇಳಿದೆ.

"ಅಲ್ಲಿ ಬಾಗ್ಲೇ ಇರ್ಲಿಲ್ಲ. ಯಾವತ್ತೂ ಇರ್ಲಿಲ್ಲ. ನೀನು ಸಣ್ಣಾಕಿ ಇದ್ದಿ, ಏನೋ ಕಟ್ಟಿಕೊಂಡು ಹೇಳ್ತಿ."

ನನ್ನ ಬೆರಳಿಗೆ ಆ ಚಿಲಕದ ತುಕ್ಕು ಇನ್ನೂ ಗೊತ್ತು. ನಾನು ಕಟ್ಟಿಕೊಂಡು ಹೇಳುತ್ತೇನಂತೆ. ಬಾಗಿಲು ಇರಲಿಲ್ಲ ಎಂದರೆ ಅವ್ವ ಓಡಿರಲಿಲ್ಲ, ಅವ್ವ ಓಡಿರಲಿಲ್ಲ ಎಂದರೆ ಅಪ್ಪ ಹೊಡೆದಿರಲಿಲ್ಲ, ಮರಳು ತಾನಾಗಿಯೇ ಚೆಲ್ಲಿತ್ತು. ನಾನೊಬ್ಬಳೇ ಸುಳ್ಳಿ. ಅದನ್ನು ಸತ್ತರೂ ಒಪ್ಪಲಾರೆ. ಅಪ್ಪನ ಮರ್ಯಾದೆ ಕಾಯುವ ನಾಯಿ ನೀನು ಎಂದೆ. ಆಗಲೇ ಅವನು ಹೊಡೆದದ್ದು, ನಾನು ಕಂಬ ಬೀಸಿದ್ದು.

ಸೊಸೆ ಐಸು ತಂದು ನನ್ನ ಕೆನ್ನೆಗೆ ಒತ್ತಿದಳು, ಅವನ ಹುಬ್ಬಿಗೆ ಅರಿಸಿನ ತುಂಬಿದಳು. ನಾನು ಆ ಮನೆಯ ಮೆಟ್ಟಿಲು ಇಳಿದವಳು ಮತ್ತೆ ಹತ್ತುವುದಿಲ್ಲ ಎಂದುಕೊಂಡೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂದು ನನ್ನ ಗಂಡ ಟಿ.ವಿ. ಸದ್ದು ಸಣ್ಣ ಮಾಡಿ ಹೇಳಿದ. ಮೂಗು ಯಾರಿಗೆ ಬೇಕಾಗಿದೆ, ಬಾಗಿಲು ಬೇಕಾಗಿದೆ ಎಂದೆ. ಅವನು ಸದ್ದು ಮತ್ತೆ ಜೋರು ಮಾಡಿದ.

ಕೆಲವು ದಿನ ಕಳೆದ ಮೇಲೆ ಅಣ್ಣನ ಸೊಸೆ ಫೋನು ಮಾಡಿದಳು. ಮಾವನೋರು ರೈಲು ಓಡಿಸುತ್ತಿಲ್ಲ, ಊಟಕ್ಕೂ ಸರಿಯಾಗಿ ಇಳಿಯುತ್ತಿಲ್ಲ, ಆ ಭಟ್ಟಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ ಎಂದಳು. "ನೀವೇ ಒಂದು ಸಲ ಬರ್ರಿ ಅತ್ತಿ. ನಂಗೆ ಹೆಂಗೆ ಮಾತಾಡ್ಸಬೇಕೋ ತಿಳಿವಲ್ದು."

ಹೋದೆ. ಸಮಾಧಾನ ಮಾಡಲಿಕ್ಕಲ್ಲ. ಸ್ಕೂಟಿಯ ಸೀಟಿನ ಕೆಳಗೆ ಸುತ್ತಿಗೆ ಇಟ್ಟುಕೊಂಡು ಹೋದೆ. ಬಾಗಿಲಿಲ್ಲದ ಆ ಭಟ್ಟಿ ಮೇಜಿನ ಮೇಲೆ ಇರಬಾರದು, ಇದ್ದರೆ ಅಪ್ಪ ಇನ್ನೊಮ್ಮೆ ಗೆದ್ದ ಹಾಗೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಸಂಜೆ ಬಿಸಿಲು ಪಶ್ಚಿಮದ ಕಿಟಕಿಯಿಂದ ಮೇಜಿಗೆ ಅಡ್ಡ ಬಿದ್ದಿತ್ತು. ಅಣ್ಣ ಸ್ಟೂಲಿನ ಮೇಲಿದ್ದ. ನನ್ನ ಕೈಯಲ್ಲಿನ ಸುತ್ತಿಗೆ ಕಂಡ, ಏಳಲಿಲ್ಲ, ಬೇಡ ಎನ್ನಲಿಲ್ಲ. ನಾನು ಹಳಿಯ ಕಡೆಯಿಂದ ಹೋಗಿ, ಹಿಂಗೋಡೆಗೇ ಮೊದಲ ಏಟು ಎಂದು ಸುತ್ತಿಗೆ ಎತ್ತಿದೆ. ಎತ್ತಿದವಳು ಹಾಗೇ ನಿಂತೆ.

ಅಡ್ಡ ಬೆಳಕಿನಲ್ಲಿ ಇಟ್ಟಿಗೆಯ ಗೆರೆಗಳು ಎದ್ದು ಕಾಣುತ್ತಿದ್ದವು. ಅವನು ಮೊಂಡು ಸೂಜಿಯಲ್ಲಿ ಒಂದೊಂದೇ ಇಟ್ಟಿಗೆಯನ್ನು ಗೀಚಿದ್ದ. ಗೋಡೆಯುದ್ದಕ್ಕೂ ಸಾಲು ನೇರ, ಒಂದರ ಸಂದಿನ ಮೇಲೆ ಇನ್ನೊಂದರ ನಡು, ಕಸುಬಿನ ಗಾರೆಯವನು ಇಟ್ಟ ಹಾಗೆ. ಒಂದೇ ಜಾಗದಲ್ಲಿ ಆ ಸಾಲು ತಪ್ಪಿತ್ತು. ಹೆಬ್ಬೆರಳಿನಷ್ಟು ಎತ್ತರ, ಅದರರ್ಧ ಅಗಲ. ಅದರೊಳಗಿನ ಇಟ್ಟಿಗೆಗಳು ಸೊಟ್ಟ, ಗಾರೆ ಕೆಲಸ ಗೊತ್ತಿಲ್ಲದವನು ಇಟ್ಟ ಹಾಗೆ. ಬಣ್ಣವೂ ಒಂದು ಕೂದಲೆಳೆ ಹೊಸದು. ಬಾಗಿಲೇ ಇರಲಿಲ್ಲ ಎಂದವನು, ಬಾಗಿಲು ಮುಚ್ಚಿದ ಗಾಯವನ್ನು ಗೋಡೆಯ ಮೇಲೆ ಇದ್ದದ್ದು ಇದ್ದ ಹಾಗೆಯೇ ಬರೆದಿಟ್ಟಿದ್ದ.

ಸುತ್ತಿಗೆಯನ್ನು ಮೇಜಿನ ಮೇಲಿಟ್ಟು, ಆ ಸೊಟ್ಟ ಇಟ್ಟಿಗೆಗಳ ಮೇಲೆ ಹೆಬ್ಬೆರಳು ಒತ್ತಿದೆ. ಅಂಟು ಹಾಕಿರಲಿಲ್ಲ. ಆ ಚೂರು ಸಲೀಸಾಗಿ ಒಳಕ್ಕೆ ಬಿತ್ತು. ಭಟ್ಟಿಯ ಹಿಂದೆ ಬಾಗಿಲಿನ ಖಾಲಿ ಚೌಕಟ್ಟು, ಅದರಾಚೆ ಒಲೆಯ ಕುಣಿ ಕಾಣಿಸಿತು.

ಅಣ್ಣ ಮಾತಾಡತೊಡಗಿದ. ನನ್ನನ್ನು ನೋಡುತ್ತಿರಲಿಲ್ಲ. ಆ ಬೇಸಿಗೆ ಅವ್ವನ ಮೇಲೆ ಮರಳು ಎರಚಿದ ಮಾರನೇ ದಿನ ಅಪ್ಪ ಬಾಗಿಲನ್ನು ಕಿತ್ತು ಒಲೆಗೆ ಹಾಕಿದನಂತೆ. ಗಾರೆಯವರನ್ನು ಕರೆದರೆ ಸುದ್ದಿಯಾಗುತ್ತದೆಂದು, ಇವನ ಕೈಗೆ ಕರಣೆ ಕೊಟ್ಟು ಗೋಡೆ ಕಟ್ಟು ಎಂದನಂತೆ. ಸಲಾಕೆ ಹಿಡಿದುಕೊಂಡು ಹತ್ತಿರ ಕೂತಿದ್ದನಂತೆ. ಒಳಗೆ ಅವ್ವ ನರಳುತ್ತಿದ್ದಳಂತೆ. ಆಗಿನ್ನೂ ಅವನಿಗೆ ಮೀಸೆ ಚಿಗುರಿರಲಿಲ್ಲ.

"ಗೋಡೆ ಕಟ್ಟಿದೋನು ನಾನೇ ತಂಗಿ. ಅಪ್ಪ ಪೂಜೆಗೆ ಎದ್ದು ಹೋದಾಗ ಒಳಗೆಲ್ಲ ಬರೀ ಕೆಸ್ರು ಮೆತ್ತಿದೆ. ಸಿಮೆಂಟು ಸಂದಿ ಮ್ಯಾಲೆ ಮಾತ್ರ ಎಳ್ದೆ, ಅವಗೆ ಗೊತ್ತಾಗಬಾರ್ದು ಅಂತ. ಅವ್ವ ಜೋರಾಗಿ ಒಂದು ಸಲ ಒದ್ದಿದ್ರೆ ಬಿದ್ದು ಹೋಗ್ತಿತ್ತು."

"ಅವ್ವಗೆ ಹೇಳಿದ್ಯಾ?"

"ಇಲ್ಲ. ಅಪ್ಪಗೆ ತಿಳಿದ್ರೆ ನನ್ನನ್ನೂ ಹೊಡಿತಾನ ಅಂತ ಹೆದ್ರಿದ್ದೆ. ಇವತ್ತು ಹೇಳಾನು, ನಾಳೆ ಹೇಳಾನು ಅಂತ."

ನನಗೆ ಅವ್ವನ ಬೆನ್ನು ಕಣ್ಣಿಗೆ ಕಟ್ಟಿತು. ಅಷ್ಟೊಂದು ವರ್ಷ, ಅಷ್ಟೊಂದು ಏಟು, ಅವಳು ಬೆನ್ನು ಕೊಟ್ಟು ನಿಂತದ್ದು ಕೆಸರಿನ ಗೋಡೆಗೆ. ಹಿಮ್ಮಡಿಯಿಂದ ಒಂದು ಸಲ ಒದ್ದಿದ್ದರೆ ಆಚೆ ಹಳಿ, ಹಳಿಗುಂಟ ಹೋದರೆ ಹರಿಹರ. ಗೊತ್ತಿದ್ದವನು ಪಕ್ಕದಲ್ಲೇ ನಿಂತಿದ್ದ.

ಕೈ ಎತ್ತಿ ಅವನ ಕೆನ್ನೆಗೆ ಹೊಡೆದೆ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ. ಅವನು ಸ್ಟೂಲಿನಿಂದ ಬಿದ್ದ. ಎದ್ದು ಅದೇ ಸ್ಟೂಲಿನ ಮೇಲೆ ಕೂತ. ಇನ್ನೊಂದು ಹೊಡೆದೆ. ಅದಕ್ಕೂ ಅವನು ಮುಖ ತಿರುಗಿಸಲಿಲ್ಲ. ಮೂರನೆಯದಕ್ಕೆ ನನ್ನ ಕೈ ಏಳಲಿಲ್ಲ. ನೆಲದ ಮೇಲೆ ಕೂತು ಅತ್ತೆ, ಮೂಗು ಬಾಯಿ ಒಂದು ಮಾಡಿಕೊಂಡು, ಸಣ್ಣ ಹುಡುಗಿಯ ಹಾಗೆ. ಅವನೂ ಅತ್ತ. ಮೆಟ್ಟಿಲ ಬಳಿ ಸೊಸೆ ಬಂದು ನೋಡಿ ಕೆಳಗಿಳಿದು ಹೋದಳು.

ಬಿಸಿಲು ಮೇಜಿನಿಂದ ಸರಿದ ಮೇಲೆ ಅಣ್ಣ ಭಟ್ಟಿಯೊಳಗೆ ಬಿದ್ದಿದ್ದ ಇಟ್ಟಿಗೆಯ ಚೂರನ್ನು ಚಿಮಟದಿಂದ ಎತ್ತಿ, ಕಿಟಕಿಯಿಂದ ಆಚೆ ಎಸೆದ. ತೆಳುವಾದ ಮರದ ಹಲಗೆಯಲ್ಲಿ ಬಾಗಿಲು ಕೊಯ್ದ, ಉಜ್ಜಿದ, ಚೌಕಟ್ಟಿಗೆ ಹಿಡಿದು ಅಳತೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಬಾಗಿಲು ಒಳಕ್ಕೆ ತೆರೀತಿತ್ತೋ ಹೊರಕ್ಕೋ ಎಂದು ಕೇಳಿದ. ಹೊರಕ್ಕೆ, ಹಳಿಯ ಕಡೆಗೆ ಎಂದೆ. ಚಿಲಕ ಯಾವ ಬದಿಗೆ ಇತ್ತು ಎಂದ. ನನ್ನ ಎದೆಯ ಎತ್ತರಕ್ಕೆ, ಬಲಗಡೆ ಎಂದೆ.

ಅವನು ಊದಿಕೊಂಡ ಕೆನ್ನೆಯಲ್ಲೇ ಬಗ್ಗಿ ಕೂತು ಕೂದಲಿನಂಥ ತಂತಿಯನ್ನು ಚಿಲಕವಾಗಿ ಮಡಿಚತೊಡಗಿದ. ನಾನು ಅಡುಗೆಮನೆಗೆ ಇಳಿದು ಒಂದು ಬಟ್ಟಲಲ್ಲಿ ಶೇಂಗಾ ಎಣ್ಣೆ ತಂದೆ.